ನೆಗಡಿ ಆದ್ರ ಏನ್ ಮಾಡ್ಬೇಕು, ಏನ್ ಮಾಡ್ಬಾರ್ದು: ಮೊದಲನೇ ಸೀನಿನಿಂದ ಕಡೀ ಕೆಮ್ಮಿನ ತನಕ

ಮೊದ್ಲೇ ಒಂದ್ ಮಾತು ಹೇಳಿಬಿಡ್ತೇನಿ, ನೆಗಡೀನ ವಾಸಿ ಮಾಡೂ ಔಷಧ ಎಲ್ಲೂ ಇಲ್ಲ, ಹುಬ್ಬಳ್ಳಿಯೊಳಗೂ ಇಲ್ಲ, ಬೆಂಗಳೂರಾಗೂ ಇಲ್ಲ, ಅಮೆರಿಕಾದಾಗೂ ಇಲ್ಲ. ಇರೂದೇನಂದ್ರ ಮೂಗು ತುಸು ಬಿಡಿಸೂವು, ಗಂಟಲಿಗೆ ಆರಾಮ ಕೊಡೂವು, ಜ್ವರಾ ಇಳಿಸೂವು, ಅಷ್ಟ. ಉಳಿದದ್ದೆಲ್ಲಾ ಮೈ ತಾನ ಮಾಡ್ಕೊಂತೈತಿ. ಆದ್ರೂ ನಮ್ಮ ಕಡೆ ನೆಗಡಿ ಅಂದ್ರ ಒಂದು ಸೂಜಿ, ಐದು ದಿನದ ಆಂಟಿಬಯೋಟಿಕ್, ಒಂದ್ ಬಾಟ್ಲಿ ಸಿರಪ್, ಮ್ಯಾಲೆ ಯಾವುದರ ಶಕ್ತಿ ಗುಳಿಗಿ, ಇಷ್ಟ್ ಆಗ್ಲೇಬೇಕು. ಇದು ಯಾಕ್ ಹಿಂಗಾಗ್ತೈತಿ ಅನ್ನೂದು ಎರಡನೇ ಹೆಜ್ಜೆಯೊಳಗ ಬರ್ತೈತಿ, ಅದೊಂದು ತಿಳಿದ್ರ ಅರ್ಧ ಖರ್ಚು ಅಲ್ಲೇ ಉಳೀತೈತಿ ಅನ್ನೂದು ನನ್ನ ಅಭಿಪ್ರಾಯ.

ನೆಗಡಿ ತರೂ ವೈರಸ್‌ಗಳು 200ಕ್ಕಿಂತ ಜಾಸ್ತಿ ಅದಾವ. ಅದ್ರಾಗ ದೊಡ್ಡ ಪಾಲು ರೈನೋವೈರಸ್‌ದು, ಅದೊಂದರಾಗ 160ಕ್ಕೂ ಮಿಕ್ಕಿ ತಳಿ. ಒಂದು ತಳಿ ಬಂದು ಹೋದ್ರ ಮೈ ಅದನ್ನ ನೆನಪಿಟ್ಕೊಂತೈತಿ, ಆದ್ರ ಮುಂದಿನ ತಿಂಗಳು ಬರೂದು ಬ್ಯಾರೆ ತಳಿ, ಅದ್ಕ ಮತ್ತ ಹೊಸದಾಗಿ ಶುರು. ಲಸಿಕೆ ಇಲ್ಲದಿರೂದಕ್ಕೂ ಇದ ಕಾರಣ. ದೊಡ್ಡವ್ರಿಗೆ ವರ್ಷಕ್ಕ ಎರಡು ಮೂರು ಸಲ ನೆಗಡಿ ಆಗೂದು ಸಾಮಾನ್ಯ, ಸಣ್ಣ ಹುಡುಗ್ರಿಗೆ ಆರು ಎಂಟು ಸಲ ಆದ್ರೂ ಅದು ರೋಗನಿರೋಧಕ ಶಕ್ತಿ ಕಡಿಮಿ ಅಂತ ಅರ್ಥ ಅಲ್ಲ. ಹೊಸದಾಗಿ ಅಂಗನವಾಡಿಗೋ ಎಲ್‌ಕೆಜಿಗೋ ಹೋಗೂ ಹುಡುಗ್ರ ಮನ್ಯಾಗ ಆ ವರ್ಷ ಪೂರ್ತಿ ಯಾರ್ದರ ಮೂಗು ಸೋರ್ತಾನ ಇರ್ತೈತಿ, ಅದೂ ಸಾಮಾನ್ಯ.

ಮಳ್ಯಾಗ ತೋಯ್ಸ್ಕೊಂಡ್ರ ನೆಗಡಿ ಬರ್ತೈತಿ ಅನ್ನೂದು? ಇಂಗ್ಲೆಂಡಿನ ಸಾಲ್ಸ್‌ಬರಿ ಊರಾಗ 1946ರಿಂದ ನೆಗಡಿ ಸಲುವಾಗೇ ಒಂದು ಸಂಶೋಧನಾ ಘಟಕ ನಾಲ್ಕು ದಶಕದ ಮ್ಯಾಲೆ ನಡೀತು, ಅಲ್ಲಿ ಮಂದೀನ ಹಸಿ ಬಟ್ಟಿಯೊಳಗ ಗಾಳಿಗೆ ನಿಲ್ಲಿಸಿ ಸಹಿತ ನೋಡ್ಯಾರ, ಬರೇ ಥಂಡಿಯಿಂದ ನೆಗಡಿ ಬರಿಸೂದು ಆಗ್ಲಿಲ್ಲ, ವೈರಸ್ ಬೇಕ ಬೇಕು. ಆದ್ರ ಅಜ್ಜಿ ಮಾತು ಪೂರ್ತಿ ಸುಳ್ಳೂ ಅಲ್ಲ ಬಿಡ್ರಿ. ರೈನೋವೈರಸ್‌ಗೆ ಮೈಯ ಒಳಗಿನ 37 ಡಿಗ್ರಿ ಸೆಲ್ಸಿಯಸ್‌ಗಿಂತ ಮೂಗಿನ 33 ಡಿಗ್ರಿ ತಂಪು ಚೊಲೋ ಹೊಂದ್ತೈತಿ, ಅದ್ರಾಗ ಧಾರವಾಡದ ಜಿಟಿಜಿಟಿ ಮಳಿಯೊಳಗ ಕಿಟಕಿ ಬಾಗಲಾ ಹಾಕ್ಕೊಂಡು ಎಲ್ಲಾರೂ ಒಂದ ಖೋಲ್ಯಾಗ ಕುಂತ್ರ ಒಬ್ರಿಂದ ಒಬ್ರಿಗೆ ದಾಟಾಕ ಅದಕ್ಕ ಇನ್ನೇನ್ ಬೇಕು. ಮೊಸರು, ಬಾಳೆಹಣ್ಣು, ಪೇರಲ ಹಣ್ಣು ಇವುಗಳ ಮ್ಯಾಲಿನ ಆರೋಪ ಮಾತ್ರ ಖರೇನ ಸುಳ್ಳು.

ಹೆಜ್ಜೆ 1: ಇದು ನೆಗಡಿ ಹೌದೋ ಅಲ್ಲೋ ನೋಡ್ರಿ

ನೆಗಡಿ ಶುರು ಆಗೂದು ಸಾವಕಾಶ. ವೈರಸ್ ಒಳಗ ಹೊಕ್ಕ ಮ್ಯಾಲೆ ಒಂದರಿಂದ ಮೂರು ದಿನದಾಗ ಗಂಟಲ ಕೆರದಂಗ ಆಗ್ತೈತಿ, ಆಮ್ಯಾಲ ಸೀನು, ನೀರಿನಂಥಾ ಸಿಂಬಳ, ಮೂಗು ಕಟ್ಟೂದು, ತಲಿ ಭಾರ. ದೊಡ್ಡವ್ರಿಗೆ ಜ್ವರಾ ಬರೂದು ಕಡಿಮಿ, ಬಂದ್ರೂ ಮೈ ಬೆಚ್ಚಗ ಅನ್ನೂವಷ್ಟು. ಮೂಗಿನಾಗ ಏನೂ ಗದ್ದಲ ಇಲ್ಲ, ಆದ್ರ ಜ್ವರಾ 102–103 ಫ್ಯಾರನ್‌ಹೀಟ್, ಕಣ್ಣಿನ ಹಿಂದ ನೋವು, ಎಲುಬು ಮುರದಂಗ ಮೈಕೈ ನೋವು ಅಂದ್ರ ಅದು ನೆಗಡಿ ಅಲ್ಲ, ಮಳಿಗಾಲದಾಗ ಹಿಂಗಾದ್ರ ಮೊದ್ಲು ಡೆಂಗಿ ನೆನೀರಿ, ರಕ್ತ ತಪಾಸಣಿ ಮಾಡಿಸ್ರಿ. ಅಲ್ಲೀತನಕ ಬರೇ ಪ್ಯಾರಾಸಿಟಮಾಲ್ ಒಂದ ತಗೋರಿ; ಬ್ರೂಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಮುಟ್ಟಬ್ಯಾಡ್ರಿ, ಡೆಂಗಿಯೊಳಗ ರಕ್ತಸ್ರಾವದ ಅಪಾಯ ಇರ್ತೈತಿ. ಮುಂಜಾನೆ ಆರಾಮ ಇದ್ದಾಂವ ಮಧ್ಯಾಹ್ನಕ್ಕ ಒಮ್ಮೆಲೆ ಚಳಿ ಜ್ವರಾ ಒಣಕೆಮ್ಮು ಬಂದು ಹಾಸ್ಗಿ ಹಿಡಿದ ಅಂದ್ರ ಅದು ಫ್ಲೂ ಇರಬಹುದು, ಕೋವಿಡ್‌ನೂ ಇರಬಹುದು.

ಇನ್ನೊಂದು ಗೊಂದಲ ನಮ್ಮ ಊರುಗಳಿಗೇ ಸೇರಿದ್ದು, ಅದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಅಲರ್ಜಿ. ಹುಬ್ಬಳ್ಳಿ ಧೂಳಿನ ಬಗ್ಗೆ ನಾ ಏನ್ ಹೇಳ್ಲಿ, ರೋಡ್ ಅಗದು ಬಿಟ್ಟಲ್ಲೆಲ್ಲಾ ಅದ, ಹೊಲದ ಬದುವಿನಾಗ ಖಾಲಿ ಸೈಟಿನಾಗ ಕಾಂಗ್ರೆಸ್ ಕಸ ಹೂ ಬಿಟ್ಟಿರ್ತೈತಿ, ಹತ್ತಿ ಜಿನ್ನಿಂಗ್ ಇರೂ ಕಡೆ ಅರಳಿ ಧೂಳು ಹಾರ್ತೈತಿ. ಇದ್ರಿಂದ ಬರೂ ಸೀನು ನೆಗಡಿಯಂಗ ಕಾಣ್ತೈತಿ, ಆದ್ರ ಗುರ್ತು ಬ್ಯಾರೆ: ಮೂಗು, ಕಣ್ಣು, ಬಾಯಾಗಿನ ಅಂಗುಳ ಎಲ್ಲಾ ಕೆರೀತಾವ, ಮುಂಜಾನೆ ಎದ್ದಕೂಡ್ಲೇ ಹತ್ತು ಹದಿನೈದು ಸೀನು ಸಾಲಾಗಿ ಬರ್ತಾವ, ಸಿಂಬಳ ತಿಳಿ ನೀರಿನಂಗ ಇದ್ದು ಹಂಗ ಇರ್ತೈತಿ, ಜ್ವರಾ ಇಲ್ಲ, ವಾರ ಕಳದ್ರೂ ಹೋಗೂದಿಲ್ಲ, ಊರ್ ಬಿಟ್ಟು ಹೋದ್ರ ಹೋಗ್ತೈತಿ. "ನಂಗ ತಿಂಗಳಾನುಗಟ್ಟಲೆ ನೆಗಡಿ ಬಿಟ್ಟೇ ಇಲ್ಲ" ಅನ್ನವ್ರಾಗ ಬಾಳ ಮಂದಿಗೆ ಇರೂದು ಇದ. ಇದಕ್ಕ ಬ್ಯಾರೆ ಔಷಧ ಐತಿ, ಸೆಟ್ರಿಜಿನ್ ಜಾತಿ ಗುಳಿಗಿ, ಡಾಕ್ಟರ್ ಬರದು ಕೊಡೂ ಮೂಗಿನ ಸ್ಪ್ರೇ, ಚೊಲೋ ಕೆಲಸ ಮಾಡ್ತಾವ. ಇನ್ನ ಬ್ಯಾಡಗಿ ಮಾರ್ಕೆಟ್‌ನಾಗ ಸೀಜನ್ನಿಗೆ ಮೆಣಸಿನಕಾಯಿ ಚೀಲದ ನಡುವ ಅಡ್ಡಾಡಿ ಬಂದವ್ರಿಗೆ ಬರೂ ಕೆಮ್ಮು ಸೀನು ನೆಗಡೀನೂ ಅಲ್ಲ, ಅಲರ್ಜೀನೂ ಅಲ್ಲ, ಬರೇ ಘಾಟು, ಹೊರಗ ಬಂದು ಮುಖ ತೊಳಕೊಂಡ್ರ ತಾಸಿನಾಗ ಇಳೀತೈತಿ.

ಹೆಜ್ಜೆ 2: ದಿನದ ಲೆಕ್ಕ ಹಿಡೀರಿ

ಕ್ಯಾಲೆಂಡರ್ ಮ್ಯಾಲೆ ಶುರು ಆದ ದಿನಕ್ಕ ಒಂದು ಗುರ್ತು ಹಾಕ್ರಿ. ಇದು ಸಣ್ಣ ಮಾತು ಅನಸ್ತೈತಿ, ಆದ್ರ ಪೂರಾ ವಿಷಯ ಇರೂದು ಇಲ್ಲೇ.

ಮೊದಲ ದಿನ ಗಂಟಲು. ಎರಡನೇ ಮೂರನೇ ದಿನ ಎಲ್ಲಕ್ಕಿಂತ ಕೆಟ್ಟವು, ಮೂಗು ಪೂರಾ ಬಂದ್, ರಾತ್ರಿ ನಿದ್ದಿ ಇಲ್ಲ, ತಲಿ ಹಿಡ್ದಂಗ, ಊಟಾ ರುಚಿ ಹತ್ತೂದಿಲ್ಲ. ನಾಲ್ಕು ಐದನೇ ದಿನಕ್ಕ ಇಳಿಯಾಕ ಹತ್ತತೈತಿ. ಏಳರಿಂದ ಹತ್ತು ದಿನಕ್ಕ ಬಹುತೇಕ ಮುಗೀತೈತಿ, ಕೆಮ್ಮೊಂದು ಎರಡು ಮೂರು ವಾರ ಎಳೀಬಹುದು. ಈಗ ವಿಚಾರ ಮಾಡ್ರಿ, ಮನುಷ್ಯಾ ದವಾಖಾನಿಗೆ ಓಡೂದು ಯಾವಾಗ? ಮೂರನೇ ದಿನ, ತಡ್ಯಾಕ ಆಗದಿದ್ದಾಗ. ಅವತ್ತ ಸೂಜಿ ಮಾಡಿಸ್ಕೊಂತಾನ, ಆಂಟಿಬಯೋಟಿಕ್ ನುಂಗ್ತಾನ, ಐದನೇ ದಿನಕ್ಕ ಆರಾಮ. "ಆ ಡಾಕ್ಟರ್ ಕೈಗುಣ ಬಾಳ ಚೊಲೋ, ಒಂದ ಸೂಜಿಗೆ ಹೋತು." ಸೂಜಿ ಮಾಡಿಸ್ದೆ ಮನ್ಯಾಗ ಮಲಗಿದ್ರೂ ಐದನೇ ದಿನಕ್ಕ ಇಳೀತಿತ್ತು, ಆದ್ರ ಹೆಸರು ಸೂಜಿಗೆ ಬಂತು. ಮುಂದಿನ ಸಲಾ ಮೊದಲ ದಿನಾನ ಓಡ್ತಾನ. ಡಾಕ್ಟರಂದೂ ಪೂರಾ ತಪ್ಪಲ್ಲ, ಏನೂ ಬರೀದ ಕಳಸಿದ್ರ ಪೇಷಂಟ್ ಮುಂದಿನ ಓಣಿ ದವಾಖಾನಿಗೆ ಹೋಗ್ತಾನ.

ಸಿಂಬಳದ ಬಣ್ಣದ್ದೂ ಇದ ಕತಿ. ಮೊದ್ಲು ನೀರಿನಂಗ, ಆಮ್ಯಾಲ ಗಟ್ಟಿಯಾಗಿ ಬಿಳಿ, ಹಳದಿ, ಹಸರು. ಹಸರು ಕಂಡಕೂಡ್ಲೇ "ಇನ್‌ಫೆಕ್ಷನ್ ಆಗೇತಿ" ಅಂತ ಗಾಬರಿ ಆಗ್ತಾರ. ಆ ಬಣ್ಣ ಬರೂದು ನಮ್ಮ ಬಿಳಿ ರಕ್ತಕಣದೊಳಗಿನ ಒಂದು ಕಿಣ್ವದಿಂದ, ಅದ್ರಾಗ ಕಬ್ಬಿಣದ ಅಂಶ ಇದ್ದು ಹಸರು ಕಾಣ್ತೈತಿ. ಅಂದ್ರ ನಮ್ಮ ಸೈನ್ಯ ಅಲ್ಲಿ ಕೆಲಸ ಮಾಡೇತಿ ಅಂತ, ಬ್ಯಾಕ್ಟೀರಿಯಾ ಬಂದಾವ ಅಂತ ಅಲ್ಲ. ಬಣ್ಣ ನೋಡಿ ಆಂಟಿಬಯೋಟಿಕ್ ಶುರು ಮಾಡೂದು ಬ್ಯಾಡ.

ಹೆಜ್ಜೆ 3: ಮನ್ಯಾಗ ಮಾಡೂವು

ಎಲ್ಲಕ್ಕಿಂತ ಕೆಲಸಾ ಮಾಡೂದು ಉಪ್ಪಿನ ನೀರು, ಅದಕ್ಕ ಖರ್ಚಿಲ್ಲ ಅಂತ ಯಾರೂ ಮರ್ಯಾದಿ ಕೊಡೂದಿಲ್ಲ. ಗಂಟಲಿಗೆ: ಒಂದು ವಾಟೆ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ದಿನಕ್ಕ ಮೂರ್ನಾಲ್ಕು ಸಲ ಬಾಯಿ ಮುಕ್ಕಳಿಸ್ರಿ, ಗಂಟಲ ತನಕ ಗುಳುಗುಳು ಅನ್ಬೇಕು. ಮೂಗಿಗೆ: ನೀರು ಕುದಿಸಿ ಆರಿಸಿ, ಒಂದು ಗ್ಲಾಸಿಗೆ ಅರ್ಧ ಚಮಚಕ್ಕಿಂತ ತುಸು ಕಡಿಮಿ ಉಪ್ಪು ಹಾಕಿ, ಸ್ವಚ್ಛ ಡ್ರಾಪರ್‌ಲೆ ಎರಡೂ ಹೊಳ್ಳಿಗೆ ಹನಿ ಬಿಟ್ಟು ಸಾವಕಾಶ ಸಿಂಬಳ ತಗೀರಿ, ಒಂದೊಂದ ಹೊಳ್ಳಿ, ಜೋರಾಗಿ ಎರಡೂ ಕೂಡಿ ಸೀತ್ರ ಕಿವಿ ಕಡೆ ಒತ್ತಡ ಹೋಗ್ತೈತಿ. ಕುದಿಸಿ ಆರಿಸಿದ ನೀರ ಆಗ್ಬೇಕು, ನಳದ ನೀರು, ಬೋರಿನ ನೀರು ಹಸಿದು ಮೂಗಿಗೆ ಹಾಕಬಾರದು, ಅಪರೂಪಕ್ಕ ಆದ್ರೂ ಅದ್ರಾಗಿನ ಅಮೀಬಾ ಮೂಗಿನಿಂದ ಮೆದುಳಿಗೆ ಹೋಗಿ ಜೀವಾ ತಗದದ್ದು ಐತಿ. ಇದೆಲ್ಲಾ ಯಾರ್ ಮಾಡ್ತಾರ ಅಂದ್ರ ಮೆಡಿಕಲ್‌ನಾಗ ಸಲೈನ್ ನೇಸಲ್ ಡ್ರಾಪ್ಸ್ ಅಂತ ಕೇಳ್ರಿ, ಅದೂ ಬರೇ ಉಪ್ಪಿನ ನೀರ.

ಕಷಾಯ. ನಮ್ಮ ಮನಿಗಳಾಗ ಹವೀಜ, ಜೀರಗಿ, ಕರಿಮೆಣಸು, ಒಣಶುಂಠಿ ಹುರದು ಪುಡಿ ಮಾಡಿ ಡಬ್ಯಾಗ ಇಟ್ಟಿರ್ತಾರ. ಹವೀಜ ನಾಲ್ಕು ಪಾಲು, ಜೀರಗಿ ಎರಡು ಪಾಲು, ಮೆಣಸು ಶುಂಠಿ ಒಂದೊಂದು ಪಾಲು ಅಂದ್ರ ಸರಿಹೋಗ್ತೈತಿ, ಖಾರಾ ಬೇಕಂದವ್ರು ಮೆಣಸು ಏರಿಸ್ಕೊಳ್ರಿ. ಒಂದೂವರಿ ಗ್ಲಾಸ್ ನೀರಿಗೆ ಒಂದು ಚಮಚ ಪುಡಿ, ತುಸು ಬೆಲ್ಲ, ನಾಕು ತುಳಸಿ ಎಲಿ, ಕುದ್ದು ಒಂದು ಗ್ಲಾಸಿಗೆ ಇಳಿದ್ ಮ್ಯಾಲೆ ಸೋಸಿ ಕುಡೀರಿ, ಹಾಲು ಹಾಕಿದ್ರೂ ನಡೀತೈತಿ, ಹಾಲಿನಿಂದ ಕಫಾ ಜಾಸ್ತಿ ಆಗ್ತೈತಿ ಅನ್ನೂದಕ್ಕ ಆಧಾರ ಇಲ್ಲ. ಇದು ವೈರಸ್ ಕೊಲ್ಲೂದಿಲ್ಲ ಮತ್ತ, ಬಿಸಿ ಮತ್ತ ಖಾರಾ ಗಂಟಲು ಸಡ್ಲ ಮಾಡ್ತೈತಿ, ಮೂಗಿನ ನೀರು ತೆಳ್ಳಗ ಆಗ್ತೈತಿ, ಮನಸಿಗೆ ಹಾಯ್ ಅನಸ್ತೈತಿ. ಅಷ್ಟ ಸಾಕಲ್ರಿ. ಅಲ್ಲದ ಚಹಾನೂ ಇದ ಕೆಲಸ ಮಾಡ್ತೈತಿ, ಮೆಣಸಿನ ಸಾರು, ಹುರಳಿ ಕಟ್ಟಿನ ಸಾರೂ ಅಷ್ಟ. ಹಸಿವಿ ಇಲ್ಲಂದ್ರ ಜ್ವಾಳದ ನುಚ್ಚು ಮಜ್ಜಿಗಿ ಉಣ್ರಿ, ನೆಗಡಿಗೆ ಮಜ್ಜಿಗೇನಾ ಅಂತ ಯಾರರ ಹುಬ್ಬ ಏರಿಸಿದ್ರ ಏರಿಸ್ಲಿ.

ಜೇನುತುಪ್ಪ ರಾತ್ರಿ ಕೆಮ್ಮಿಗೆ ಖರೇನ ಉಪಯೋಗ, ಮಲಗೂ ಮುಂಚೆ ಒಂದು ಚಮಚ. ಆದ್ರ ಒಂದು ವರ್ಷದ ಒಳಗಿನ ಕೂಸಿಗೆ ಒಂದು ಹನೀನೂ ಬ್ಯಾಡ, ಬಾಟುಲಿಸಮ್ ಅನ್ನೂ ವಿಷಬಾಧೆ ಆಗೂ ಅಪಾಯ ಐತಿ.

ಹಬೆ ತಗೊಳ್ಳೂದು ಆರಾಮ ಕೊಡ್ತೈತಿ, ರೋಗದ ದಿನಾ ಕಡಿಮಿ ಮಾಡೂದಿಲ್ಲ. ಕುದಿಯೂ ಬೋಗುಣಿ ಮಂಚದ ಮ್ಯಾಲೆ ಇಟ್ಟು ಹುಡುಗ್ರ ತಲಿ ಮ್ಯಾಲೆ ಕೌದಿ ಹಾಕೂ ರೂಢಿ ಬಿಡ್ರಿ, ಸುಟ್ಟುಕೊಂಡು ದವಾಖಾನಿಗೆ ಬರೂ ಹುಡುಗ್ರು ಕಡಿಮಿ ಇಲ್ಲ. ದೊಡ್ಡವ್ರು ತಗೊಳ್ಳೂದಾದ್ರ ಬೋಗುಣಿ ಗಟ್ಟಿ ಟೇಬಲ್ ಮ್ಯಾಲೆ ಇಟ್ಟು ಕುಂತು ತಗೋರಿ. ಜಳಕಾ ಬಿಡೂ ಅವಶ್ಯಕತಿ ಇಲ್ಲ, ಬಿಸಿನೀರ ಜಳಕದಿಂದ ಮೂಗೂ ಬಿಡ್ತೈತಿ. ರಾತ್ರಿ ತಲಿ ಕೆಳಗ ಎರಡು ದಿಂಬು.

ಹೆಜ್ಜೆ 4: ಮೆಡಿಕಲ್ ಅಂಗಡಿಯೊಳಗ

ಜ್ವರಾ, ತಲಿನೋವು ಇದ್ರ ಪ್ಯಾರಾಸಿಟಮಾಲ್ ಸಾಕು. ಡೋಲೋ ಅನ್ರಿ, ಕ್ರೋಸಿನ್ ಅನ್ರಿ, ಒಳಗಿರೂದು ಅದ. ದೊಡ್ಡವ್ರಿಗೆ 500 ಇಲ್ಲಾ 650 ಮಿ.ಗ್ರಾಂ.ದು ಒಂದು ಗುಳಿಗಿ, ಆರು ತಾಸಿಗೊಮ್ಮೆ, ದಿನಕ್ಕ ನಾಲ್ಕರ ಮ್ಯಾಲೆ ಬ್ಯಾಡ. ಲಿವರ್ ತೊಂದ್ರಿ ಇದ್ದವ್ರು, ದಿನಾ ಕುಡಿಯೂವ್ರು ಡಾಕ್ಟರ್‌ನ್ನ ಕೇಳೇ ತಗೋರಿ. ಇಲ್ಲೊಂದು ಜಾಗಾ ಐತಿ ಬಾಳ ಮಂದಿ ಎಡವೂದು: "ನೆಗಡಿ ಗುಳಿಗಿ ಕೊಡ್ರಿ" ಅಂದ್ರ ಕೊಡೂ ಗುಳಿಗಿಯೊಳಗೂ ಪ್ಯಾರಾಸಿಟಮಾಲ್ ಇರ್ತೈತಿ, ಜೋಡಿ ಸೀನು ತಡಿಯಾಕ ಕ್ಲೋರ್‌ಫೆನಿರಮಿನ್, ಮೂಗು ಬಿಡಿಸಾಕ ಅಂತ ಫಿನೈಲ್‌ಎಫ್ರಿನ್. ಅದನ್ನೂ ನುಂಗಿ ಮ್ಯಾಲೆ ಜ್ವರದ್ದು ಬ್ಯಾರೆ ನುಂಗಿದ್ರ ಡೋಸ್ ಡಬಲ್. ಸ್ಟ್ರಿಪ್ ತಿರುವಿ ಓದ್ರಿ. ಕ್ಲೋರ್‌ಫೆನಿರಮಿನ್ ನಿದ್ದಿ ತರ್ತೈತಿ, ಅದನ್ನ ನುಂಗಿ ಬೈಕ್, ಟ್ರ್ಯಾಕ್ಟರ್ ಹೊಡೀಬ್ಯಾಡ್ರಿ. ಫಿನೈಲ್‌ಎಫ್ರಿನ್ ಬಾಯಿಂದ ತಗೊಂಡ್ರ ಮೂಗು ಬಿಡಿಸೂದಿಲ್ಲ ಅಂತ 2023ರಾಗ ಅಮೆರಿಕದ ಔಷಧ ಇಲಾಖೆಯ ತಜ್ಞರ ಸಮಿತೀನ ಹೇಳೇತಿ, ಬಿಪಿ ಇದ್ದವ್ರಿಗಂತೂ ಅದು ಬ್ಯಾಡ.

ಮೂಗಿನ ಡ್ರಾಪ್ಸ್, ಝೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಅಂತ ಬರದಿರ್ತೈತಿ, ಹಾಕಿದ ಐದು ಹತ್ತು ನಿಮಿಷದಾಗ ಮೂಗು ಬಿಡ್ತೈತಿ, ಮಜಾ ಅನಸ್ತೈತಿ. ರಾತ್ರಿ ಮಲಗೂ ಮುಂಚೆ ಹಾಕ್ಕೋರಿ, ಆದ್ರ ಮೂರು ದಿನ, ಬಾಳ ಅಂದ್ರ ಐದು ದಿನ. ಅದರ ಮ್ಯಾಲೆ ಹೋದ್ರ ಮೂಗು ಆ ಹನಿಗೇ ಹೊಂದ್ಕೊಂಡು ಹನಿ ಇಲ್ಲಂದ್ರ ಮೊದಲಿಗಿಂತ ಜಾಸ್ತಿ ಕಟ್ಟತೈತಿ, ಹಿಂಗ ವರ್ಷಗಟ್ಟಲೆ ಕಿಸೆದಾಗ ಬಾಟ್ಲಿ ಇಟ್ಕೊಂಡು ತಿರಗೂವ್ರು ಅದಾರ.

ಆಂಟಿಬಯೋಟಿಕ್ ಬ್ಯಾಕ್ಟೀರಿಯಾ ಕೊಲ್ಲೂದು, ವೈರಸ್ ಅಲ್ಲ. ಅಜಿತ್ರೋಮೈಸಿನ್ ಮೂರು ಗುಳಿಗಿ ಸ್ಟ್ರಿಪ್ ಕೇಳಿದ್ರ ಚೀಟಿ ಇಲ್ಲದೆ ಸಿಗ್ತೈತಿ ಅಂತ ತಗೋಬ್ಯಾಡ್ರಿ, ಭೇದಿ ಹತ್ತೂದು ಒಂದ್ ಕಡೆ, ಮುಂದ ಖರೇ ನ್ಯುಮೋನಿಯಾ ಬಂದಾಗ ಅದ ಔಷಧ ಹಿಡಿಯೂದಿಲ್ಲ. ಸೆಫಿಕ್ಸಿಮ್‌ನಂಥಾ ಆಂಟಿಬಯೋಟಿಕ್‌ಗಳಿಗೆ 2014ರಿಂದ ಎಚ್1 ಅಂತ ಬ್ಯಾರೆ ಪಟ್ಟಿ ಮಾಡಿ, ಡಾಕ್ಟರ್ ಚೀಟಿ ಬೇಕು, ಮಾರಿದ್ದನ್ನ ರಜಿಸ್ಟರ್‌ನಾಗ ಬರೀಬೇಕು ಅಂತ ಕಾನೂನ ಐತಿ. ನೆಗಡಿ ಆತು ಅಂತ ಮೂಗು ಕೊಯ್ಕೊಂಡ್ರು ಅಂತ ಗಾದಿ ಐತೆಲ್ಲ, ಅದು ಇದಕ್ಕ ಸರಿಯಾಗಿ ಒಪ್ತೈತಿ. ಸೂಜಿ ಮಾಡ್ತೇನಿ ಅಂದ್ರ ಏನ್ ಸೂಜಿ ಅಂತ ಕೇಳ್ರಿ, ಕೇಳೂದು ನಿಮ್ಮ ಹಕ್ಕು. ಸ್ಟೀರಾಯ್ಡ್ ಇದ್ರ ಎರಡು ದಿನ ಕುದುರಿಯಂಗ ಓಡಾಡ್ತೀರಿ, ಆದ್ರ ಶುಗರ್ ಇದ್ದವ್ರಿಗೆ ಶುಗರ್ ಏರ್ತೈತಿ.

ಹೆಜ್ಜೆ 5: ಮನ್ಯಾಗ ಕೂಸು ಇದ್ರ

ಇಲ್ಲಿ ಎಚ್ಚರಿಕಿ ಬ್ಯಾರೇನ ಇರ್ಬೇಕು. 2025ರ ಸೆಪ್ಟೆಂಬರ್–ಅಕ್ಟೋಬರ್‌ನಾಗ ಮಧ್ಯಪ್ರದೇಶದ ಛಿಂದ್ವಾಡಾ ಕಡೆ ಡೈಎಥಿಲೀನ್ ಗ್ಲೈಕಾಲ್ ಅನ್ನೂ ವಿಷ ಬೆರತ ಕೆಮ್ಮಿನ ಸಿರಪ್ ಕುಡದು ಮಕ್ಕಳು ಕಿಡ್ನಿ ಫೇಲ್ ಆಗಿ ತೀರಿಕೊಂಡದ್ದು ಎಲ್ಲಾರಿಗೂ ಗೊತ್ತೈತಿ. ಆವಾಗ ಕೇಂದ್ರ ಆರೋಗ್ಯ ಇಲಾಖೆ ಹೇಳಿದ್ದು ಏನಂದ್ರ, ಎರಡು ವರ್ಷದ ಒಳಗಿನವಕ್ಕ ನೆಗಡಿ ಕೆಮ್ಮಿನ ಸಿರಪ್ ಕೊಡಲೇಬಾರದು, ಐದು ವರ್ಷದ ತನಕ ಸಾಮಾನ್ಯವಾಗಿ ಬ್ಯಾಡ. ಅದಕ್ಕೂ ಮುಂಚೆ 2023ರ ಡಿಸೆಂಬರ್‌ನಾಗ ಕ್ಲೋರ್‌ಫೆನಿರಮಿನ್ ಫಿನೈಲ್‌ಎಫ್ರಿನ್ ಜೋಡಿ ನಾಲ್ಕು ವರ್ಷದ ಒಳಗಿನವಕ್ಕ ಬ್ಯಾಡ ಅಂತ ಲೇಬಲ್ ಮ್ಯಾಲೆ ಬರೀರಿ ಅಂತ ಆದೇಶ ಆಗಿತ್ತು. ಕಲಬೆರಕಿ ಇಲ್ಲದ ಸಿರಪ್ಪೂ ಈ ವಯಸ್ಸಿನವಕ್ಕ ಉಪಯೋಗ ಆಗೂದಿಲ್ಲ, ಅದು ಮುಖ್ಯ ಮಾತು. ಕೂಸಿಗೆ ಬೇಕಾದ್ದು ಮೂಗಿಗೆ ಸಲೈನ್ ಹನಿ, ಎದಿಹಾಲು ಸ್ವಲ್ಪ ಸ್ವಲ್ಪ ಮ್ಯಾಲಿಂದ ಮ್ಯಾಲೆ, ಜ್ವರಾ ಇದ್ರ ತೂಕಕ್ಕ ತಕ್ಕಂಗ ಪ್ಯಾರಾಸಿಟಮಾಲ್, ಒಂದ್ ಕಿಲೋಕ್ಕ ಒಂದು ಸಲಕ್ಕ 15 ಮಿ.ಗ್ರಾಂ. ಲೆಕ್ಕ. ಬಾಟ್ಲಿಯೊಳಗಿನ ಔಷಧ ಎಷ್ಟು ಗಟ್ಟಿ ಐತಿ ಅನ್ನೂದು ಬ್ಯಾರೆ ಬ್ಯಾರೆ ಇರ್ತೈತಿ, ಅದ್ಕ ಎಷ್ಟ್ ಎಂಎಲ್ ಅಂತ ಡಾಕ್ಟರ್ ಕಡೆ ಬರಸ್ಕೋರಿ. ಆಸ್ಪಿರಿನ್ ಮಕ್ಕಳಿಗೆ ಬ್ಯಾಡ.

ಹಿರಿಯಾರು ಬೈದ್ರೂ ಮೂರು ಕೆಲಸ ಬಿಡ್ರಿ: ಮೂಗಿಗೆ ಎಣ್ಣಿ ಬಿಡೂದು (ಎಣ್ಣಿ ಫುಪ್ಪುಸಕ್ಕ ಇಳದು ನ್ಯುಮೋನಿಯಾ ಆಗಬಹುದು), ಜಳಕಾ ಆದ ಮ್ಯಾಲೆ ಲೋಬಾನದ ಹೊಗಿ ಹಾಕೂದು, ಎರಡು ವರ್ಷದ ಒಳಗಿನ ಕೂಸಿಗೆ ಕರ್ಪೂರ, ವಿಕ್ಸ್ ಹಚ್ಚೂದು. ಕರ್ಪೂರ ಹೊಟ್ಟಿಗೆ ಹೋದ್ರ ಸಣ್ಣವಕ್ಕ ಫಿಟ್ಸ್ ಬರ್ತಾವ, ಅದನ್ನ ಬಟ್ಟ್ಯಾಗ ಕಟ್ಟಿ ಕೊಳ್ಳಾಗ ಹಾಕೂದೂ ಬ್ಯಾಡ, ಕೂಸು ಬಾಯಾಗ ಇಟ್ಕೊಂತೈತಿ.

ಉಸಿರು ಎಣಸೂದು ಕಲೀರಿ. ಕೂಸು ಶಾಂತ ಇದ್ದಾಗ ಅಂಗಿ ಎತ್ತಿ, ಮೊಬೈಲ್‌ನಾಗ ಒಂದು ನಿಮಿಷ ಟೈಮರ್ ಹಚ್ಚಿ, ಹೊಟ್ಟಿ ಏರಿ ಇಳಿಯೂದು ಎಣಸ್ರಿ. ಎರಡು ತಿಂಗಳ ಒಳಗಿದ್ರ 60, ಎರಡು ತಿಂಗಳಿಂದ ಒಂದು ವರ್ಷದ ತನಕ 50, ಒಂದರಿಂದ ಐದು ವರ್ಷಕ್ಕ 40, ಇದಕ್ಕ ಮುಟ್ಟಿದ್ರ ಅಥವಾ ದಾಟಿದ್ರ ಅದು ನ್ಯುಮೋನಿಯಾ ಇರಬಹುದು, ಅವತ್ತ ದವಾಖಾನಿಗೆ ಹೋಗ್ರಿ. ಉಸಿರು ತಗೋವಾಗ ಪಕ್ಕಡಿ ಒಳಗ ಎಳೀತಿದ್ರ, ಹಾಲು ಕುಡಿಯೂದು ಬಿಟ್ರ, ತುಟಿ ನೀಲಿ ಆದ್ರ, ಮೂರು ತಿಂಗಳ ಒಳಗಿನ ಕೂಸಿಗೆ 100.4 ಜ್ವರಾ ಬಂದ್ರ ರಾತ್ರಿ ಎಷ್ಟ್ ಹೊತ್ತಾಗಿದ್ರೂ ಕಾಯಬ್ಯಾಡ್ರಿ. ಹುಬ್ಬಳ್ಳಿ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್), ಗದಗ ಜಿಮ್ಸ್, ಹಾವೇರಿ ಜಿಲ್ಲಾಸ್ಪತ್ರಿ, ಎಲ್ಲಿ ಹತ್ರ ಆಗ್ತೈತಿ ಅಲ್ಲಿ, ಗಾಡಿ ಇಲ್ಲಂದ್ರ 108.

ಹೆಜ್ಜೆ 6: ಮನಿ ಮಂದಿಗೆಲ್ಲಾ ಹಚ್ಚದಂಗ

ಮೊದಲ ಎರಡು ಮೂರು ದಿನ ಬಾಳ ಹರಡ್ತೈತಿ. ಸೀನಿದ ಹನಿಯಿಂದ ಎಷ್ಟೋ ಅಷ್ಟ ಕೈಯಿಂದಾನೂ ದಾಟ್ತೈತಿ: ಮೂಗು ಒರಸಿದ ಕೈ, ಬಾಗಲ ಚಿಲಕ, ಇನ್ನೊಬ್ರ ಕೈ, ಅವ್ರ ಕಣ್ಣು ಮೂಗು. ಚಿಗರಿ ಬಸ್ಸಿನಾಗ ಹುಬ್ಬಳ್ಳಿಂದ ಧಾರವಾಡಕ್ಕ ದಿನಾ ಓಡಾಡೂವ್ರು ಇದನ್ನ ನೆನಪಿಡ್ರಿ, ಎಸಿ ಸಲುವಾಗಿ ಕಿಟಕಿ ಬಂದ್, ಕಂಬಿ ಒಂದು, ಕೈ ನೂರು. ಇಳದ ಮ್ಯಾಲೆ ಕೈ ತೊಳೀದ ಮುಖ ಮುಟ್ಟಬ್ಯಾಡ್ರಿ. ಸಾಬಾಣ ಹಚ್ಚಿ 20 ಸೆಕೆಂಡ್ ತಿಕ್ಕಿ ತೊಳಿಯೂದು ಸ್ಯಾನಿಟೈಸರ್‌ಗಿಂತ ಚೊಲೋ, ಯಾಕಂದ್ರ ರೈನೋವೈರಸ್‌ಗೆ ಕೊರೋನಾದಂಗ ಕೊಬ್ಬಿನ ಹೊದಿಕಿ ಇಲ್ಲ, ಆಲ್ಕೋಹಾಲ್‌ಗೆ ಅದು ಸರಳ ಬಗ್ಗೂದಿಲ್ಲ. ಸೀನೂದು ಮೊಣಕೈ ಮಡಚಿ ತೋಳಿನಾಗ. ಅಜ್ಜ ಅಜ್ಜಿ, ಅಸ್ತಮಾ ಇದ್ದವ್ರು, ಬಸುರಿ ಹೆಣ್ಮಕ್ಕಳು ಇದ್ದ ಮನ್ಯಾಗ ನೆಗಡಿ ಆದವ್ರು ಎರಡು ದಿನ ಮಾಸ್ಕ್ ಹಾಕ್ಕೊಂಡ್ರ ಏನೂ ಕಳಕೊಳ್ಳೂದಿಲ್ಲ. ಹುಡುಗ್ರನ್ನ ಸಾಲಿಗೆ ಕಳಸೂದು, ಜ್ವರಾ ಔಷಧ ಇಲ್ಲದ ಒಂದು ದಿನ ಪೂರ್ತಿ ಬಿಟ್ಟಿದ್ರ ಕಳಸ್ರಿ, ಮೂಗು ಒಣಗೂ ತನಕ ಕಾಯ್ಕೋತ ಕುಂತ್ರ ವರ್ಷದಾಗ ಅರ್ಧ ಸಾಲಿ ಹೋಗ್ತೈತಿ.

ಹೆಜ್ಜೆ 7: ಇಳೀದಿದ್ರ

ದೊಡ್ಡವ್ರು ಯಾವಾಗ ಹೋಗ್ಬೇಕು? ಮೂರು ದಿನ ದಾಟಿದ್ರೂ ಜ್ವರಾ ಇದ್ರ. ಉಸಿರು ಹಿಡೀತಿದ್ರ, ಎದಿ ನೋವಿದ್ರ, ಕಫದಾಗ ರಕ್ತ ಕಂಡ್ರ. ಆರಾಮ ಆಗಾಕತ್ತಿ ಆರೇಳನೇ ದಿನ ಮತ್ತ ಜ್ವರಾ ಏರಿ ಕೆನ್ನಿ, ಹಣಿ ಒಂದ ಕಡೆ ನೋಯಾಕತ್ರ, ಅಥವಾ ಹತ್ತು ದಿನ ಕಳದ್ರೂ ಒಂಚೂರೂ ಇಳೀದಿದ್ರ ಸೈನಸ್ ಇರಬಹುದು, ಕಿವಿ ಜುಮ್ ಅಂತ ನೋವು ಬಂದ್ರ ಕಿವಿ ಇನ್‌ಫೆಕ್ಷನ್. ಇಲ್ಲಿ ಆಂಟಿಬಯೋಟಿಕ್ ಬೇಕಾಗಬಹುದು, ಅದನ್ನ ಡಾಕ್ಟರ್ ನೋಡಿ ಹೇಳ್ಲಿ. ಅಸ್ತಮಾ, ಶುಗರ್, ಹಾರ್ಟ್ ತೊಂದ್ರಿ ಇದ್ದವ್ರು ಇಷ್ಟ್ ಕಾಯಬ್ಯಾಡ್ರಿ.

ಕೆಮ್ಮು ಮಾತ್ರ ಉಳದಿದ್ರ ಅದು ದಿನಾ ತುಸು ತುಸು ಕಡಿಮಿ ಆಗ್ಬೇಕು. ಎರಡು ವಾರ ದಾಟಿದ್ರ, ನೆಗಡೀದ ಉಳಕಲು ಇರಬಹುದು ಅಂತ ಸುಮ್ಕಿರೂದಕ್ಕಿಂತ ಟಿಬಿ ಐತೇನು ಅಂತ ಕಫ ಪರೀಕ್ಷಾ ಮಾಡಿಸ್ಬಿಡ್ರಿ, ಅದ್ರಾಗೂ ಸಂಜಿ ಜ್ವರಾ, ರಾತ್ರಿ ಬೆವರು, ತೂಕ ಇಳಿಯೂದು ಇದ್ರ ತಡಾ ಮಾಡಬ್ಯಾಡ್ರಿ. ಟಿಬಿ ಪರೀಕ್ಷಾ ಸರ್ಕಾರಿ ದವಾಖಾನ್ಯಾಗ ಫುಕಟ್ಟ, ನಿಮ್ಮ ಊರಿನ ಆಶಾ ಕಾರ್ಯಕರ್ತೆನ್ನ ಕೇಳಿದ್ರ ಡಬ್ಬಿ ಕೊಡಸ್ತಾರ. ಮುಂಜಾನೆ ಎದ್ದಕೂಡ್ಲೇ ಬಾಯಿ ನೀರಿನಿಂದ ಮುಕ್ಕಳಿಸಿ, ಬಯಲಿನಾಗ ನಿಂತು ಆಳಕ ಉಸಿರು ತಗೊಂಡು ಎದ್ಯಾಗಿಂದ ಕೆಮ್ಮಿ ತಗದ ಕಫ ಕೊಡ್ರಿ, ಬರೇ ಉಗುಳು ಕೊಟ್ರ ಮತ್ತೊಮ್ಮೆ ಕರಸ್ತಾರ.